ಕಾಲು ಮುರಿದಾಗ ಮನೆಯಲ್ಲಿ ನಾಯಿ ಇದ್ದರೆ: ಮೊದಲ ಸಲದವರಿಗೆ ಹಂತ ಹಂತವಾಗಿ

ಬೈಕ್ ಜಾರಿಯೋ, ಬಾವಿಯ ಪಾವಟಿಗೆಯಲ್ಲಿ ಕಾಲು ತಪ್ಪಿಯೋ, ಟ್ರ್ಯಾಕ್ಟರ್‌ನಿಂದ ಇಳಿಯುವಾಗ ಮುಗ್ಗರಿಸಿಯೋ ಕಾಲು ಮುರಿದುಕೊಂಡವರು ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದರೆ, ಮಾತಾಡಿಸಲು ಬಂದವರೆಲ್ಲ ಮನೆಯ ನಾಯಿಯ ಕಡೆ ನೋಡಿ ಒಂದು ಸಲಹೆ ಕೊಟ್ಟೇ ಹೋಗುತ್ತಾರೆ. "ಎಲ್ಲ್ಯಾರ ದೂರ ಬಿಟ್ಟ್ ಬರ್ರಿ ಅದನ್ನ" ಎನ್ನುವವರು ಕೆಲವರು. "ಎಲುಬು ಕೂಡೂತನಾ ಸರಪಳಿ ಬಿಚ್ಚಬ್ಯಾಡ್ರಿ" ಎನ್ನುವವರು ಇನ್ನು ಕೆಲವರು. ಎರಡನ್ನೂ ಕೇಳಬೇಡಿ. ಸಾಕಿದ ನಾಯಿಯನ್ನು ದೂರ ಬಿಟ್ಟು ಬರುವುದು ಅದನ್ನು ಬೇರೆ ಓಣಿಯ ನಾಯಿಗಳ ಬಾಯಿಗೆ ಕೊಟ್ಟ ಹಾಗೆಯೇ. ಇನ್ನು ದಿನವಿಡೀ ಕಟ್ಟಿದ ನಾಯಿಯನ್ನು ಯಾರಾದರೂ ಬಿಚ್ಚಿದ ಗಳಿಗೆಗೆ ಅದು ನೇರ ನಿಮ್ಮ ಮೈಮೇಲೆ ಹಾರುತ್ತದೆ, ಕೂಡತೊಡಗಿದ್ದ ಎಲುಬು ಮತ್ತೆ ಕದಲುತ್ತದೆ. ನಿಮಗೆ ಪೆಟ್ಟಾಗಿದೆ ಎಂದು ನಾಯಿಗೆ ಗೊತ್ತಾಗಬಹುದು. ಎಲುಬು ಮುರಿದ ಕಾಲಿಗೆ ತನ್ನ ಪ್ರೀತಿ ಭಾರವಾಗುತ್ತದೆಂದು ತಿಳಿಯುವುದಿಲ್ಲ. ಆ ತಿಳಿವಳಿಕೆಯನ್ನು ಮನೆಯ ಏರ್ಪಾಟಿನಲ್ಲಿ ನಾವೇ ತರಬೇಕು. ವಿಜಯಪುರದ ಓಣಿಯ ಮನೆಗೂ ತಿಕೋಟಾ, ಬಬಲೇಶ್ವರದ ಹೊಲದ ವಸ್ತಿಗೂ ಹೊಂದುವಂತೆ ಇದನ್ನು ಬರೆದಿದ್ದೇನೆ.

ಹಂತ 1: ಆಸ್ಪತ್ರೆ ಬಿಡುವ ಮುಂಚೆ ಕೇಳಿಕೊಳ್ಳಿ

ನಮ್ಮ ಭಾಗದಲ್ಲಿ ಇಂದಿಗೂ ಕಾಲು ಮುರಿದ ತಕ್ಷಣ ಎಲುಬು ಕಟ್ಟುವವರ ಮನೆಗೆ ಹೋಗುವವರಿದ್ದಾರೆ. ನಂಬಿಕೆಯ ಬಗ್ಗೆ ನನ್ನ ಜಗಳವಿಲ್ಲ, ಆದರೆ ಎಕ್ಸ್‌ರೇ ಮೊದಲು ಆಗಲಿ. ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಸುತ್ತಿದ ಪಟ್ಟಿಯೊಳಗೆ ಬಾವು ಏರಿದರೆ ರಕ್ತದ ಓಡಾಟ ನಿಲ್ಲುತ್ತದೆ. ಕೆಲವೇ ತಾಸುಗಳಲ್ಲಿ ಮಾಂಸಖಂಡ ಸಾಯತೊಡಗಿ, ಕಾಲನ್ನೇ ತೆಗೆಯಬೇಕಾದ ಹೊತ್ತು ಬರಬಹುದು. ತಿಕೋಟಾ ಕಡೆಯಿಂದ ಅಥಣಿ ರಸ್ತೆಯಲ್ಲಿ ಬರುವವರಿಗೆ ಅಲ್ ಅಮೀನ್ ಮೆಡಿಕಲ್ ಕಾಲೇಜು ಆಸ್ಪತ್ರೆ ದಾರಿಯಲ್ಲೇ ಸಿಗುತ್ತದೆ. ಊರಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಸೊಲ್ಲಾಪುರ ರಸ್ತೆಯಲ್ಲಿ ಬಿ.ಎಲ್.ಡಿ.ಇ.ಯ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ.

ಮನೆಗೆ ಕಳಿಸುವಾಗ ವೈದ್ಯರಿಗೆ ಒಂದು ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿ: "ಈ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು?" ಒಂದಿಷ್ಟೂ ಬೇಡ ಎನ್ನಬಹುದು, ಬೆರಳು ತಾಗಿಸಿದರೆ ಸಾಕು ಎನ್ನಬಹುದು, ಅರ್ಧ ಭಾರ ಎನ್ನಬಹುದು, ಪೂರ್ತಿ ಹಾಕಿ ಎನ್ನಲೂಬಹುದು. ಮುಂದಿನ ಹಂತಗಳೆಲ್ಲ ಈ ಉತ್ತರದ ಮೇಲೇ ನಿಂತಿವೆ. ಇಷ್ಟು ಕಿಲೋ ಎಂದು ಹೇಳಿದ್ದರೆ ಮನೆಯ ತೂಕದ ಯಂತ್ರದ ಮೇಲೆ ಆ ಕಾಲನ್ನಿಟ್ಟು ಮೆಲ್ಲಗೆ ಒತ್ತಿ ನೋಡಿ. ಹತ್ತು ಕಿಲೋ ಎಂದರೆ ಎಷ್ಟು ಒತ್ತು ಎಂಬುದು ಕಾಲಿಗೆ ತಾನೇ ತಿಳಿಯಬೇಕು, ಬಾಯಿಮಾತಿನಲ್ಲಿ ತಿಳಿಯುವುದಿಲ್ಲ.

ಮನೆಯಲ್ಲಿ ನಾಯಿ ಇದೆ ಎಂದೂ ಹೇಳಿ. ಹೊಲಿಗೆ ಹಾಕಿದ ಗಾಯವಿದ್ದರೆ, ಎಲುಬು ಹಿಡಿದಿಡಲು ಹೊರಗಿನಿಂದ ಕಂಬಿ ಹಾಕಿದ್ದರೆ ಈ ಮಾತು ಇನ್ನೂ ಮುಖ್ಯ. "ನಾಯಿ ನೆಕ್ಕಿದರೆ ಗಾಯ ಮಾಯ್ತದ" ಎಂದು ಹಿರಿಯರು ಹೇಳುವುದನ್ನು ಕೇಳಿದ್ದೀರಿ. ಮಾಯುವುದಿಲ್ಲ, ಕೀವಾಗುತ್ತದೆ. ಲಸಿಕೆ ಇಲ್ಲದ ನಾಯಿ ತೆರೆದ ಗಾಯ ನೆಕ್ಕಿದರೆ ಅದನ್ನು ಕಚ್ಚಿದಷ್ಟೇ ಗಂಭೀರವಾಗಿ ನೋಡಬೇಕು.

ಎಲುಬು ಕೂಡಲು ಎಷ್ಟು ದಿನ ಎಂಬುದು ಮುರಿದ ಜಾಗದ ಮೇಲೆ ಹೋಗುತ್ತದೆ. ಸಣ್ಣ ಮಟ್ಟದ ಹಿಮ್ಮಡಿ ಕೀಲಿನ ಮುರಿತಕ್ಕೆ ಸಾಮಾನ್ಯವಾಗಿ 6ರಿಂದ 8 ವಾರ. ಮೊಣಕಾಲ ಕೆಳಗಿನ ದೊಡ್ಡ ಎಲುಬಿಗೆ 3-4 ತಿಂಗಳು, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ಬೀಡಿ, ಸಿಗರೇಟು, ತಂಬಾಕು, ಗುಟ್ಕಾ ಬಿಡದಿದ್ದರೆ ಎಲುಬು ಕೂಡುವುದು ತಡವಾಗುತ್ತದೆ. ಮಲಗಿ ಬೇಸರವಾಯಿತೆಂದು ಚಟ ಹೆಚ್ಚು ಮಾಡಿಕೊಂಡವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಹಂತ 2: ನಾಯಿಯ ಹೊಣೆ ಒಬ್ಬರಿಗೇ ಕೊಡಿ

ಎಲುಬು ಕೂಡುವ ತನಕ ನಾಯಿಯ ಬೆಲ್ಟು ನಿಮ್ಮ ಕೈಗೆ ಬರಬಾರದು. ಹೊರಗೆ ಒಯ್ಯುವುದು, ಮೊದಲ ಎರಡು ವಾರ ಊಟ ಹಾಕುವುದೂ ಒಬ್ಬರ ಕೆಲಸವಾಗಲಿ. ಮುಂಜಾನೆ ಮಗ, ಮಧ್ಯಾಹ್ನ ಭಾವ, ಸಂಜೆ ಪಕ್ಕದ ಮನೆಯವರು ಎಂದು ಹಂಚಿದರೆ ಎಲ್ಲರೂ ಇನ್ನೊಬ್ಬರು ಮಾಡಿರುತ್ತಾರೆಂದು ಸುಮ್ಮನಾಗುತ್ತಾರೆ. ಇಲ್ಲವೆ ಎಲ್ಲರೂ ಊಟ ಹಾಕಿ ನಾಯಿಯ ಹೊಟ್ಟೆ ಕೆಡಿಸುತ್ತಾರೆ.

ಆ ಒಬ್ಬರು ಯಾರು ಎಂಬುದನ್ನು ನಾಯಿಯ ಬಲ ನೋಡಿ ಆರಿಸಿ. ಕೃಷ್ಣೆ ದಾಟಿದರೆ ಮುಧೋಳ. ಆ ಸೀಮೆಯ ಬೇಟೆನಾಯಿ ನಮ್ಮ ವಸ್ತಿಗಳಲ್ಲೂ ಬೇಕಾದಷ್ಟಿದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಉದ್ದ ಮೂತಿ, ಒಳಸೇರಿದ ಹೊಟ್ಟೆ, ನೀಳ ಕಾಲು. ಈ ಮೈಕಟ್ಟು ಬಂದಿರುವುದೇ ಓಡುವುದಕ್ಕೆ. ಅದು ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುತ್ತದೆ. ಮೊಲ, ಆಡಿನ ಮರಿ, ಸದ್ದು ಮಾಡುತ್ತ ಹೋಗುವ ಬೈಕು ಯಾವುದು ಕಣ್ಣಿಗೆ ಬಿದ್ದರೂ ನಿಂತಲ್ಲಿಂದಲೇ ಚಿಮ್ಮುತ್ತದೆ. ಅಂಥ ನಾಯಿಯನ್ನು ಶಾಲೆಗೆ ಹೋಗುವ ಹುಡುಗರ ಕೈಗೆ, ವಯಸ್ಸಾದ ಅತ್ತೆಯ ಕೈಗೆ ಕೊಡಬೇಡಿ. ಮನೆಯಲ್ಲಿ ಇನ್ನೊಬ್ಬರ ಕಾಲು ಮುರಿದರೆ ಮಾಡುವುದೇನು?

ಒಬ್ಬರೇ ಇರುವವರು ಪಕ್ಕದ ವಸ್ತಿಯವರನ್ನೋ ತೋಟಕ್ಕೆ ದುಡಿಯಲು ಬರುವವರನ್ನೋ ಕೇಳಿ, ದುಡ್ಡು ಕೊಟ್ಟೇ ಕೇಳಿ. ಉಪಕಾರಕ್ಕೆ ಬಂದವರು ನಾಲ್ಕು ದಿನ ಬರುತ್ತಾರೆ, ಕೂಲಿಗೆ ಬಂದವರು ಎಲುಬು ಕೂಡುವ ತನಕ ಬರುತ್ತಾರೆ. ಊಟದ ಹೊತ್ತು, ಲಸಿಕೆ ಹಾಕಿಸಿದ ದಿನ, ಪಶುವೈದ್ಯರ ಫೋನ್, ನಾಯಿ ಯಾವುದಕ್ಕೆ ಹೆದರುತ್ತದೆ, ಯಾರನ್ನು ಕಂಡರೆ ಆಗುವುದಿಲ್ಲ ಎಂಬುದನ್ನು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ.

ಹಂತ 3: ಮನೆಯನ್ನು ಸಿದ್ಧ ಮಾಡಿ

ಇದು ಅರ್ಧ ದಿನದ ಕೆಲಸ. ನೀವು ಆಸ್ಪತ್ರೆಯಲ್ಲಿರುವಾಗಲೇ ಮನೆಯವರಿಂದ ಮಾಡಿಸಿಬಿಡಿ.

ಮಲಗುವ ಜಾಗ ಮೊದಲು. ಹೊರಸಿನ ಮೇಲೆ ಮಲಗಬೇಡಿ. ನುಲಿ ನಡುವೆ ತಗ್ಗಿರುವುದರಿಂದ ಏಳುವಾಗ ಮುರಿದ ಕಾಲನ್ನೇ ಊರಬೇಕಾಗುತ್ತದೆ. ಕುಳಿತರೆ ಮೊಣಕಾಲು ಸರಿಯಾಗಿ ಮಡಿಸುವಷ್ಟು ಎತ್ತರದ, ಗಟ್ಟಿ ಹಲಗೆಯ ಮಂಚ ಬೇಕು. ನೆಲದ ಮೇಲಿನ ಹಾಸಿಗೆಯಂತೂ ಬೇಡವೇ ಬೇಡ. ಕಾಲಿನ ಕೆಳಗೆ ದಿಂಬಿಗಿಂತ ಕೌದಿ ಒಳ್ಳೆಯದು. ದಿಂಬು ರಾತ್ರಿ ಜಾರಿ ಹೋಗುತ್ತದೆ, ಹಳೆಯ ದಪ್ಪ ಕೌದಿ ತನ್ನ ಭಾರಕ್ಕೆ ಅಲ್ಲೇ ಕೂರುತ್ತದೆ. ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಇನ್ನೊಂದಿಟ್ಟು, ಮೊಣಕಾಲಿನಿಂದ ಹಿಮ್ಮಡಿಯ ತನಕ ಕಾಲು ಆನುವಂತೆ ಹೊಂದಿಸಿ. ಹಿಮ್ಮಡಿಯ ತುದಿ ಮಾತ್ರ ಗಾಳಿಯಲ್ಲಿರಲಿ, ಇಲ್ಲದಿದ್ದರೆ ಅಲ್ಲಿ ಒತ್ತುಗಾಯವಾಗುತ್ತದೆ. ಮಲಗಿದಾಗ ಪಾದ ಎದೆಗಿಂತ ಮೇಲಿದ್ದರೆ ಬಾವು ಬೇಗ ಇಳಿಯುತ್ತದೆ.

ಆಮೇಲೆ ನೆಲ. ನಮ್ಮ ಮನೆಗಳ ಶಹಾಬಾದಿ ಪರಸಿ ಬೇಸಿಗೆಯಲ್ಲಿ ತಂಪು, ಒದ್ದೆಯಾದರೆ ಜಾರುಬಂಡೆ. ನಾಯಿಯ ನೀರಿನ ಬಟ್ಟಲ ಸುತ್ತ ನೆಲ ಯಾವಾಗಲೂ ಒದ್ದೆ ಇರುತ್ತದೆ, ಅದು ನೀರು ಕುಡಿಯುವ ರೀತಿಯೇ ಹಾಗೆ. ಆದ್ದರಿಂದ ಬಟ್ಟಲು ನೀವು ಓಡಾಡುವ ದಾರಿಯಿಂದ ದೂರ, ಹಿತ್ತಲಲ್ಲೋ ಪಡಸಾಲೆಯ ಮೂಲೆಯಲ್ಲೋ ಇರಲಿ. ಕೆಳಗೆ ಗೋಣಿತಟ್ಟು ಹಾಸಿ. ಜಮಖಾನೆ, ಚಾಪೆ, ಕಾಲೊರಸು ಎಲ್ಲ ಎತ್ತಿಡಿ. ಊರುಗೋಲು ಚಾಪೆಯ ಅಂಚಿಗೆ ಸಿಕ್ಕಿದರೆ ಎರಡೂ ಒಟ್ಟಿಗೆ ಜಾರುತ್ತವೆ. ಹೊಸ್ತಿಲು ಎತ್ತರವಿದ್ದರೆ ಅದಕ್ಕೆ ಬಿಳಿ ಸುಣ್ಣದ ಗೆರೆ ಎಳೆಸಿ, ರಾತ್ರಿ ಕಾಣುತ್ತದೆ.

ಕೊನೆಗೆ ನಾಯಿಯ ಜಾಗ. ಮಂಚದ ಮೇಲಿನ ನಿಮ್ಮ ಮುಖ ಅದಕ್ಕೆ ಕಾಣುವಂತೆ, ಆದರೆ ಮಂಚಕ್ಕೂ ಬಚ್ಚಲಕ್ಕೂ ನಡುವಿನ ದಾರಿಗೆ ಅಡ್ಡ ಬಾರದಂತೆ ಒಂದು ಮೂಲೆ ಆರಿಸಿ, ನಿಮ್ಮ ಹಳೆಯ ಪಂಜೆಯನ್ನೋ ಸೀರೆಯನ್ನೋ ಹಾಸಿ. ನಿಮ್ಮ ವಾಸನೆ ಇದ್ದಲ್ಲಿ ನಾಯಿ ಸಮಾಧಾನವಾಗಿ ಮಲಗುತ್ತದೆ. ರಾತ್ರಿ ಮಂಚದ ಕೆಳಗೆ ಬಂದು ಮಲಗುವ ರೂಢಿ ಇದ್ದರೆ ಅದನ್ನು ತಪ್ಪಿಸಲೇಬೇಕು. ನಡುರಾತ್ರಿ ಏಳುವಾಗ, ಕತ್ತಲೆಯಲ್ಲಿ, ಕರಿಯ ನಾಯಿಯ ಮೇಲೆ ಊರುಗೋಲು ಊರಿದರೆ ಇಬ್ಬರಿಗೂ ಪೆಟ್ಟು. ಬಾಗಿಲಿಗೆ ಮೊಣಕಾಲೆತ್ತರದ ಹಲಗೆಯನ್ನೋ ತಂತಿಜಾಳಿಗೆಯನ್ನೋ ಅಡ್ಡ ಕಟ್ಟಿಸಿ. ಹಾರಿ ದಾಟುವ ಬೇಟೆನಾಯಿಗೆ ಇನ್ನೂ ಎತ್ತರ ಬೇಕು. ಒಂದು ಟಾರ್ಚ್, ಒಂದು ಸೀಟಿ ದಿಂಬಿನ ಪಕ್ಕದಲ್ಲಿರಲಿ.

ಹಂತ 4: ಊರುಗೋಲು, ಮತ್ತು ನಾಯಿಗೆ ಅದರ ಪರಿಚಯ

ಕಂಕುಳ ಊರುಗೋಲನ್ನು ಅಂಗಡಿಯಿಂದ ತಂದ ಹಾಗೇ ಬಳಸಬೇಡಿ. ನೆಟ್ಟಗೆ ನಿಂತಾಗ ಮೇಲಿನ ಮೆತ್ತೆಗೂ ಕಂಕುಳಿಗೂ ನಡುವೆ ಎರಡು-ಮೂರು ಬೆರಳು ತೂರಬೇಕು. ಕೈಹಿಡಿ ಮುಂಗೈಯ ಮಡಿಕೆಯ ಮಟ್ಟಕ್ಕೆ ಬರಬೇಕು, ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ಭಾರ ಬೀಳಬೇಕಾದದ್ದು ಅಂಗೈ ಮೇಲೆ. ಕಂಕುಳ ಮೇಲೆ ನೇತುಬಿದ್ದು ನಡೆದರೆ ಅಲ್ಲಿನ ನರ ಒತ್ತಿ ಕೈ ಜೋಮು ಹಿಡಿಯುತ್ತದೆ, ಮುಂಗೈ ಎತ್ತಲಾಗದೆ ಹೋಗಬಹುದು. ಕೆಳಗಿನ ರಬ್ಬರ್ ಟೊಪ್ಪಿಗೆ ಸವೆದಿದ್ದರೆ ಇವತ್ತೇ ಬದಲಿಸಿ, ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಕೈಗಳಲ್ಲಿ ಅಷ್ಟು ಕಸುವಿಲ್ಲದವರಿಗೆ ವಾಕರ್ ಮೇಲು.

ಪಾವಟಿಗೆಗೆ ನಿಯಮ ಇಷ್ಟೆ: ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ಊರುಗೋಲೂ ಮುರಿದ ಕಾಲೂ ಮುಂದೆ. ನಾಯಿ ಪಾವಟಿಗೆಯ ಮೇಲಿದ್ದರೆ ನೀವು ಕೆಳಗೇ ನಿಲ್ಲಿ. ಅದು ಇಳಿದು ದೂರ ಹೋದ ಮೇಲೆ ಕಾಲಿಡಿ.

ಹೊಲದ ದಾರಿಯ ಮಾತೇ ಬೇರೆ. ಡೋಣಿ ನದಿಯ ದಂಡೆಯ ಎರೆ ಮಣ್ಣು ಜೋಳಕ್ಕೆ ಚಿನ್ನ, ಊರುಗೋಲಿಗೆ ವೈರಿ. ಒಂದು ಮಳೆ ಬಿದ್ದರೆ ಸಾಕು, ರಬ್ಬರ್ ಟೊಪ್ಪಿಗೆಗೆ ಮಣ್ಣು ಮೆತ್ತಿ, ನಾಲ್ಕು ಹೆಜ್ಜೆಗೆ ಮುದ್ದೆಯಾಗಿ, ಎಳೆದರೆ ಟೊಪ್ಪಿಗೆ ಮಣ್ಣಲ್ಲೇ ಉಳಿದು ಬರಿ ಕೋಲು ಕೈಗೆ ಬರುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಟ್ಟು, ಕೋಲಿನ ತುದಿ ನೇರ ಒಳಗಿಳಿಯುತ್ತದೆ. ಹೊಲದ ವಸ್ತಿಯವರು ಮನೆಯಿಂದ ರಸ್ತೆಯ ತನಕ ಗರಸು ಹಾಕಿಸಿ ಗಟ್ಟಿ ಮಾಡಿಸುವವರೆಗೂ ಅಂಗಳ ದಾಟಬೇಡಿ.

ಇನ್ನು ನಾಯಿ. ಅದರ ಕಣ್ಣಿಗೆ ಊರುಗೋಲು ಎಂದರೆ ಬಡಿಗೆ. ಹೊಡೆತ ತಿಂದು ಬೆಳೆದ ನಾಯಿ ಹೆದರಿ ಓಡುತ್ತದೆ, ಇಲ್ಲವೆ ಕಚ್ಚಲು ಬರುತ್ತದೆ. ಮೊದಲ ದಿನ ಊರುಗೋಲುಗಳನ್ನು ನೆಲಕ್ಕೆ ಮಲಗಿಸಿ, ಅವುಗಳ ಸುತ್ತ ರೊಟ್ಟಿಯ ಚೂರು ಹಾಕಿಸಿ, ನೀವು ಮಂಚದ ಮೇಲೇ ಕುಳಿತಿರಿ. ಅದು ಮೂಸಲಿ, ತಿನ್ನಲಿ, ಬಿಟ್ಟು ಹೋಗಲಿ. ಮರುದಿನ ಕುಳಿತಲ್ಲೇ ಕೋಲನ್ನು ಒಂದು ಗೇಣು ಎತ್ತಿ ಇಳಿಸಿ, ಪ್ರತಿ ಸಲವೂ ಒಂದು ಚೂರು ಕೊಡಿ. ಕೋಲು ಅಲುಗಿದರೂ ಬಾಲ ಸಡಿಲವಾಗಿದ್ದರೆ ಎದ್ದು ನಿಂತು ಎರಡು ಹೆಜ್ಜೆ ಹಾಕಿ. ಕಿವಿ ಹಿಂದಕ್ಕೆ ಮಡಿಸಿ, ಬಾಲ ಒಳಗೆಳೆದುಕೊಂಡರೆ ಮತ್ತೆ ಹಿಂದಿನ ದಿನದ ಪಾಠಕ್ಕೆ ಹೋಗಿ. ಆತುರ ಮಾಡಿದರೆ ಕೆಲಸ ಕೆಡುತ್ತದೆ.

ಬೆಲ್ಟನ್ನು ಊರುಗೋಲಿಗೆ, ವಾಕರಿಗೆ, ಸೊಂಟಕ್ಕೆ, ಮುಂಗೈಗೆ ಯಾವತ್ತೂ ಕಟ್ಟಿಕೊಳ್ಳಬೇಡಿ. ನಾಯಿ ಎಷ್ಟೇ ಶಾಂತವಾಗಿದ್ದರೂ ಈ ಮಾತಿಗೆ ವಿನಾಯಿತಿ ಇಲ್ಲ.

ಹಂತ 5: ಮಾತ್ರೆ ಮತ್ತು ಮಣೂಕ ಎತ್ತಿಡಿ

ಮಂಚ ಹಿಡಿದವರ ತಲೆದೆಸೆಯಲ್ಲಿ ಎರಡು ವಸ್ತು ತಪ್ಪದೆ ಇರುತ್ತವೆ. ಒಂದು ನೋವಿನ ಮಾತ್ರೆಯ ಪಟ್ಟಿ, ಇನ್ನೊಂದು ನೋಡಲು ಬಂದವರು ತಂದ ಹಣ್ಣಿನ ಚೀಲ. ಎರಡೂ ನಾಯಿಗೆ ವಿಷವಾಗಬಲ್ಲವು.

ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಪ್ಯಾರಾಸಿಟಮಾಲ್ ಇವೆಲ್ಲ ನಮಗೆ ಬರೆದುಕೊಡುವ ಮಾತ್ರೆಗಳು. ನಾಯಿ ಪಟ್ಟಿಯನ್ನೇ ಜಗಿದರೆ ಕರುಳಲ್ಲಿ ಹುಣ್ಣು, ರಕ್ತದ ವಾಂತಿ, ಕಿಡ್ನಿ ಅಥವಾ ಲಿವರ್ ಕೆಡುವುದು ಎಲ್ಲ ಸಾಧ್ಯ. ತವರದ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಮಾಡದಲ್ಲಿಡಿ. ನಾಯಿಗೂ ಕುಂಟು ಬಂದಿದೆಯೆಂದು ನಿಮ್ಮ ಮಾತ್ರೆಯಲ್ಲಿ ಅರ್ಧ ಮುರಿದು ಕೊಡುವುದು ಅದನ್ನು ಕೈಯಾರೆ ಕೊಂದಂತೆ.

ದ್ರಾಕ್ಷಿಯ ವಿಷಯ ಇಲ್ಲಿ ಎಲ್ಲರೂ ತಿಳಿದಿರಲೇಬೇಕು. ತಿಕೋಟಾ ಸೀಮೆಯಲ್ಲಿ ಫೆಬ್ರುವರಿಯಿಂದ ಏಪ್ರಿಲ್ ತನಕ ಹಣ್ಣು ಕೊಯ್ದು, ದ್ರಾವಣದಲ್ಲಿ ಅದ್ದಿ, ಶೆಡ್‌ಗಳ ಜಾಳಿಗೆಯ ಮೇಲೆ ಹರವಿ ಒಣಗಿಸುತ್ತಾರೆ. ಕೆಳಗುದುರಿದ ಕಾಯಿ ನೆಲದ ತುಂಬ ಬಿದ್ದಿರುತ್ತದೆ, ವಸ್ತಿಯ ನಾಯಿ ಅಲ್ಲೇ ಓಡಾಡುತ್ತದೆ. ದ್ರಾಕ್ಷಿಯಾಗಲಿ, ಒಣಗಿದ ದ್ರಾಕ್ಷಿಯಾದ ಮಣೂಕವಾಗಲಿ ತಿಂದ ನಾಯಿಗಳಲ್ಲಿ ಕೆಲವಕ್ಕೆ ಕಿಡ್ನಿ ಪೂರ್ತಿ ಕೈಕೊಡುತ್ತದೆ. ಇದಕ್ಕೆ ಕಾರಣ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇರಬಹುದೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಇದೆ. ಯಾವ ನಾಯಿಗೆ ಎಷ್ಟು ತಿಂದರೆ ತೊಂದರೆ ಎಂದು ಮುಂಚೆ ಹೇಳಲಾಗುವುದಿಲ್ಲ, ಒಂದು ನಾಯಿ ಬೊಗಸೆ ತಿಂದೂ ಬದುಕುತ್ತದೆ, ಇನ್ನೊಂದಕ್ಕೆ ನಾಲ್ಕು ಕಾಯಿಯೇ ಹೆಚ್ಚು. "ನಮ್ಮ ಕಾಳ್ಯಾ ದಿನಾ ತಿಂತದ, ಏನೂ ಆಗಿಲ್ಲ" ಎಂಬ ಮಾತನ್ನು ನಂಬಿ ಸುಮ್ಮನಿರಬೇಡಿ. ಒಂದು ದಿನದೊಳಗೆ ವಾಂತಿ, ಆಮೇಲೆ ಮಂಕು, ಉಚ್ಚೆ ಕಡಿಮೆಯಾಗುವುದು ಇದರ ಲಕ್ಷಣ. ಅಲ್ಲಿಯವರೆಗೂ ಕಾಯದೆ, ತಿಂದದ್ದು ಗೊತ್ತಾದ ಕೂಡಲೆ ಪಶು ಆಸ್ಪತ್ರೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ, ಅದರಿಂದಲೇ ನಾಯಿ ಸಾಯಬಹುದು. ಒಯ್ಯಲು ಗಾಡಿ ಇಲ್ಲದಿದ್ದರೆ 1962ಕ್ಕೆ ಕರೆ ಮಾಡಿ, ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ಸಂಖ್ಯೆ ಅದು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಕೂಡ ನಾಯಿಗೆ ಆಗದು.

ಹಂತ 6: ಕುಳಿತಲ್ಲಿಂದಲೇ ನಾಯಿಯ ದಿನಚರಿ

ಎರಡು ವಾರ ಕಳೆದು ನೋವು ಇಳಿದ ಮೇಲೆ ಸ್ವಲ್ಪ ಕೆಲಸ ನಿಮ್ಮ ಕೈಗೆ ಬರಲಿ. ನಾಯಿಗೂ ಅದು ಬೇಕು, ನಿಮಗೂ ಬೇಕು.

ಊಟ ಹಾಕುವುದರಿಂದ ಶುರು ಮಾಡಿ. ಗಟ್ಟಿ ಕುರ್ಚಿಯಲ್ಲಿ ಕೂತು, ಮುರಿದ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು, ನಾಯಿಯನ್ನು ಗಟ್ಟಿ ಕಾಲಿನ ಕಡೆಗೇ ಕರೆಯಿರಿ. ಪ್ರತಿ ಸಲವೂ ಅದೇ ಕಡೆ. ಹೀಗೆ ರೂಢಿಯಾದರೆ ಮುರಿದ ಕಾಲಿನ ಹತ್ತಿರ ಅದು ತಾನಾಗಿ ಸುಳಿಯುವುದಿಲ್ಲ. ಜೋಳದ ರೊಟ್ಟಿ, ಅನ್ನ, ಮೊಟ್ಟೆ, ಬೇಯಿಸಿದ ಮಾಂಸ ಯಾವುದಾದರೂ ಆದೀತು. ಆದರೆ ಬರೀ ರೊಟ್ಟಿ-ಹಾಲಿನ ಮೇಲೆ ನಾಯಿ ಬಾಳುವುದಿಲ್ಲ. ಬೇಯಿಸಿದ ಕೋಳಿಯ ಎಲುಬು ಚೂಪಾಗಿ ಸೀಳುತ್ತದೆ, ಹಾಕಬೇಡಿ.

"ಕೂಡು", "ನಿಲ್ಲು", "ಬ್ಯಾಡ" ಎಂಬ ಮೂರು ಮಾತು ಕಲಿಸಲು ಇದಕ್ಕಿಂತ ಒಳ್ಳೆ ಕಾಲ ಇನ್ನೊಂದಿಲ್ಲ, ಯಾಕೆಂದರೆ ನಿಮಗೆ ಬೇರೆ ಕೆಲಸವಿಲ್ಲ. ಕುಳಿತರೆ ಮಾತ್ರ ಊಟದ ಬಟ್ಟಲು ಕೆಳಗಿಳಿಯುತ್ತದೆ. ಮೈಮೇಲೆ ಹಾರಿದರೆ ಬೈಯಬೇಡಿ, ಕೂಗಬೇಡಿ, ಮುಖ ಪಕ್ಕಕ್ಕೆ ತಿರುಗಿಸಿ ಸುಮ್ಮನಾಗಿ. ನಾಲ್ಕು ಕಾಲೂ ನೆಲಕ್ಕೆ ಬಂದ ಕ್ಷಣ ಮಾತಾಡಿಸಿ. ಮನೆಯಲ್ಲಿ ಎಲ್ಲರೂ ಹೀಗೇ ಮಾಡಬೇಕು. ಒಬ್ಬರು ಹಾರಿಸಿ ಆಡಿಸಿದರೆ ನಿಮ್ಮ ಪಾಠವೆಲ್ಲ ನೀರುಪಾಲು.

ಓಡಿಸಲಾಗದ ನಾಯಿಗೆ ಮೂಗಿನ ಕೆಲಸ ಕೊಡಿ. ಹಳೆಯ ಗೋಣಿಚೀಲದಲ್ಲಿ ರೊಟ್ಟಿ ಚೂರು ಸುತ್ತಿ ಕೊಟ್ಟರೆ ಹುಡುಕುತ್ತ ಬಹಳ ಹೊತ್ತು ಕಳೆಯುತ್ತದೆ. ಹೊರಗೆ ಒಯ್ಯುವವರಿಗೆ ಹೊತ್ತು ಕಟ್ಟುನಿಟ್ಟಾಗಿ ಹೇಳಿ. ಏಪ್ರಿಲ್-ಮೇಯಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ, ಡಾಂಬರು ಅದಕ್ಕಿಂತ ಬಹಳ ಕಾಯುತ್ತದೆ. ಅಂಗೈ ಹಿಂಬದಿಯನ್ನು ರಸ್ತೆಯ ಮೇಲೆ ಐದಾರು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ. ಮುಂಜಾನೆ ಏಳರೊಳಗೆ, ಸಂಜೆ ಹೊತ್ತು ಮುಳುಗಿದ ಮೇಲೆ.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿ, ದೀಪಾವಳಿಯ ರಾತ್ರಿಗಳಲ್ಲಿ ನಾಯಿಯನ್ನು ಒಳಕೋಣೆಯಲ್ಲಿ ಹಾಕಿ, ಬಾಗಿಲು ಮುಚ್ಚಿ, ಜೊತೆಗೆ ಯಾರನ್ನಾದರೂ ಕೂರಿಸಿ. ಹೆದರಿದ ನಾಯಿ ಆಸರೆಗೆ ನಿಮ್ಮ ಕಾಲಿನ ಸಂದಿಗೇ ಬರುತ್ತದೆ, ಆ ಹೊತ್ತಿಗೆ ನೀವು ನಿಂತಿರಬಾರದು.

ಹಂತ 7: ನಿಮ್ಮ ಊಟ, ಸ್ನಾನ, ಕಾಲಿನ ಕಾವಲು

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಎಲುಬಿಗೆ ಬೇಕಾದದ್ದೆಲ್ಲ ಇದೆ. ರೊಟ್ಟಿಯ ಜೊತೆ ಮೊಸರು, ಗುರೆಳ್ಳು ಚಟ್ನಿ, ಕಾಳಿನ ಪಲ್ಯ, ಮೊಟ್ಟೆ ತಿನ್ನುವವರಿಗೆ ಮೊಟ್ಟೆ. ಎಳೆ ಬಿಸಿಲಿಗೆ ಕೂಡಿ. ನೋವಿನ ಮಾತ್ರೆ ಮತ್ತು ಮಲಗಿರುವುದು ಎರಡೂ ಸೇರಿ ಮಲಬದ್ಧತೆ ತರುತ್ತವೆ, ನೀರು ಚೆನ್ನಾಗಿ ಕುಡಿಯಿರಿ.

ಕುಕ್ಕರುಗಾಲಿನ ಸಂಡಾಸಿಗೆ ನಡುವೆ ತೂತಿರುವ ಕಮೋಡ್ ಕುರ್ಚಿ ತರಿಸಿ. ಸ್ನಾನಕ್ಕೆ ಸ್ಟೂಲಿನ ಮೇಲೆ ಕೂತು, ಪ್ಲಾಸ್ಟರಿಗೆ ಎರಡು ಪದರ ಪ್ಲಾಸ್ಟಿಕ್ ಚೀಲ ಕಟ್ಟಿ, ಕಾಲನ್ನು ಹೊರಗೆ ಚಾಚಿ. ಒಳಗೆ ತುರಿಕೆ ಬಂದರೆ ಅಳತೆಪಟ್ಟಿ, ಕಡ್ಡಿ, ಹೆಣಿಗೆ ಸೂಜಿ ತೂರಿಸಬೇಡಿ. ಚರ್ಮ ಗೀರಿದರೆ ಒಳಗೇ ಕೀವಾಗಿ ಯಾರಿಗೂ ಕಾಣುವುದಿಲ್ಲ. ವೈದ್ಯರು ಒಪ್ಪಿದರೆ ದಿನಕ್ಕೆ ಹಲವು ಸಲ ಬೆರಳು ಆಡಿಸಿ, ತೊಡೆ ಬಿಗಿದು ಐದು ಎಣಿಸಿ ಬಿಡಿ.

ದಿನವೂ ಮುಂಜಾನೆ ಬೆರಳು ನೋಡಿಕೊಳ್ಳಿ. ನೀಲಿ ಅಥವಾ ಬಿಳಿಚಾಗಿದ್ದರೆ, ಜೋಮು ಹಿಡಿದಿದ್ದರೆ, ಮಾತ್ರೆಗೂ ಬಗ್ಗದ ನೋವು ಏರುತ್ತಿದ್ದರೆ, ಪ್ಲಾಸ್ಟರಿನಿಂದ ನಾತ ಬಂದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮೀನಖಂಡ ಬಾತು ನೋಯುವುದು ರಕ್ತ ಹೆಪ್ಪುಗಟ್ಟಿದ್ದರ ಗುರುತಾಗಿರಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ. ನಾಯಿ ಪ್ಲಾಸ್ಟರಿನ ಒಂದೇ ಜಾಗವನ್ನು ಬಿಟ್ಟೂ ಬಿಡದೆ ಮೂಸುತ್ತಿದ್ದರೆ ಓಡಿಸುವ ಮುಂಚೆ ಆ ಜಾಗವನ್ನು ನೀವೂ ಒಮ್ಮೆ ಮೂಸಿ ನೋಡಿ. ಅದರ ಮೂಗು ನಮ್ಮದಕ್ಕಿಂತ ಚುರುಕು.

ಹಂತ 8: ಓಣಿಯ ನಾಯಿಗಳೆದುರು

ವಿಜಯಪುರದ ಹಳೆಯ ಓಣಿಗಳಲ್ಲಿ ಊರುಗೋಲು ಹಿಡಿದು ಹೊರಟರೆ ಬೀದಿನಾಯಿಗಳು ಬೊಗಳುತ್ತವೆ. ನಡೆಯುವ ರೀತಿ ಹೊಸದು, ಕೈಯಲ್ಲಿ ಕೋಲು, ಟಕ್ ಟಕ್ ಸದ್ದು. ಮೂರೂ ಅವಕ್ಕೆ ಅನುಮಾನ. ಕೋಲು ಎತ್ತಿ ಬೀಸಬೇಡಿ, ಬೀಸಿದ ಕ್ಷಣ ಆಸರೆ ತಪ್ಪಿ ಬೀಳುವವರು ನೀವೇ. ನಿಂತುಬಿಡಿ. ಬೆನ್ನನ್ನು ಗೋಡೆಗೋ ಕಟ್ಟೆಗೋ ಕೊಟ್ಟು, ಎರಡೂ ಕೋಲು ಮುಂದೆ ಊರಿ, ಕಣ್ಣಲ್ಲಿ ಕಣ್ಣಿಡದೆ ಕಾಯಿರಿ. ಓಡದ ಮನುಷ್ಯನ ಬಗ್ಗೆ ನಾಯಿಗೆ ಬೇಗ ಬೇಸರ ಬರುತ್ತದೆ.

ಕಚ್ಚಿದರೆ, ಪರಚಿದರೆ ಕೂಡಲೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅರಿಷಿಣ, ಖಾರದಪುಡಿ, ಸುಣ್ಣ ಹಚ್ಚಬೇಡಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ ಇನ್ನೊಂದು ಇಂಜೆಕ್ಷನ್ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ. ಮುಂದಿನ ಸರದಿಗಳನ್ನು ಒಂದೂ ತಪ್ಪಿಸಬೇಡಿ. ಕಾಲು ಮುರಿದಿದೆ, ಪದೇ ಪದೇ ಹೋಗಲಾಗದು ಎಂಬ ನೆಪ ಇಲ್ಲಿ ಜೀವಕ್ಕೆ ಬರುತ್ತದೆ, ಯಾಕೆಂದರೆ ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ನಿಮ್ಮ ನಾಯಿಗೂ ಮರಿಯಿದ್ದಾಗ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ.

ಹಂತ 9: ತಪಾಸಣೆಗೆ ಹೋಗುವ ದಿನ

ಬಸ್ಸಿನ ಮೆಟ್ಟಿಲು ಎತ್ತರ, ಟಂಟಂನಲ್ಲಿ ಕಾಲು ಚಾಚಲು ಜಾಗವಿಲ್ಲ. ಬಬಲೇಶ್ವರದಿಂದಲೋ ತಿಕೋಟಾದಿಂದಲೋ ಬರುವವರು ಆ ದಿನಕ್ಕೆ ಕಾರನ್ನೋ ಪೂರ್ತಿ ಆಟೋವನ್ನೋ ಮಾತಾಡಿ. ಹತ್ತುವಾಗ ಸೀಟಿಗೆ ಬೆನ್ನು ಮಾಡಿ, ಮೊದಲು ಕೂತು, ಆಮೇಲೆ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗೆಳೆದುಕೊಳ್ಳಿ. ಮಳೆಗಾಲದಲ್ಲಿ ಸಾರವಾಡದ ಹತ್ತಿರ ಡೋಣಿ ತುಂಬಿದೆಯೇ ಎಂದು ಕೇಳಿಕೊಂಡೇ ಹೊರಡಿ. ವಾಪಸ್ ಬಂದಾಗ ನಾಯಿಯನ್ನು ಒಳಗೇ ಹಿಡಿದಿರಲು ಫೋನ್ ಮಾಡಿ ಹೇಳಿ, ನೀವು ಕೂತ ಮೇಲೆಯೇ ಬಿಡಿಸಿ.

ಹಂತ 10: ಮತ್ತೆ ಜೊತೆಯಾಗಿ ನಡೆಯುವುದು

ಎಕ್ಸ್‌ರೇ ನೋಡಿ ವೈದ್ಯರು ಪೂರ್ತಿ ಭಾರ ಹಾಕಿ ಎಂದ ದಿನವೇ ಬೆಲ್ಟು ಹಿಡಿಯಬೇಡಿ. ಪ್ಲಾಸ್ಟರಿನಿಂದ ಹೊರಬಂದ ಕಾಲು ಸಣ್ಣಗಾಗಿರುತ್ತದೆ, ಕೀಲು ಬಿಗಿದಿರುತ್ತದೆ. ಒಂದು ವಾರ ಬರಿಗೈಯಲ್ಲಿ, ನಾಯಿಯಿಲ್ಲದೆ ನಡೆಯಿರಿ. ಒಂಟಿ ಕಾಲ ಮೇಲೆ ಹತ್ತು ಎಣಿಸುವ ತನಕ ಅಲುಗದೆ ನಿಲ್ಲಲು ಬಂದರೆ ಮುಂದಿನ ಹೆಜ್ಜೆ.

ಆಮೇಲೆ ಇಬ್ಬರು ಹೋಗಿ. ಬೆಲ್ಟು ನಿಮ್ಮ ನಾಯಿಯನ್ನು ಇಷ್ಟು ದಿನ ನೋಡಿಕೊಂಡವರ ಕೈಯಲ್ಲಿರಲಿ, ನೀವು ನಾಯಿಯ ಪಕ್ಕದಲ್ಲಿ ಬರಿಗೈಯಲ್ಲಿ ನಡೆಯಿರಿ. ಎಳೆಯದೆ ನಡೆದರೆ ಮಾತ್ರ ಮರುದಿನ ಬೆಲ್ಟು ನಿಮಗೆ, ಅವರು ಜೊತೆಗೆ. ಬೇಟೆನಾಯಿಗೆ ಕುತ್ತಿಗೆಯ ಪಟ್ಟಿಗಿಂತ ಎದೆಗೆ ಹಾಕುವ ಪಟ್ಟಿ ಮೇಲು. ಬೆಲ್ಟನ್ನು ಅಂಗೈಯಲ್ಲಿ ಸಡಿಲವಾಗಿ ಹಿಡಿಯಿರಿ, ನಾಯಿ ಚಿಮ್ಮಿದರೆ ಬಿಟ್ಟುಬಿಡುವಂತಿರಬೇಕು. ಓಡಿಹೋದ ನಾಯಿಯನ್ನು ಕರೆದು ತರಬಹುದು, ಮುರಿದ ಕಾಲನ್ನು ಮತ್ತೆ ಮೂರು ತಿಂಗಳು ಕಾಯಬೇಕು.

ದಾರಿ ಸಪಾಟಾಗಿರಲಿ, ಮುಂಜಾನೆಯ ಬೆಳಕಿರಲಿ. ಗೋಳಗುಮ್ಮಟದ ಮಿನಾರಿನ ಇಕ್ಕಟ್ಟಿನ ಮೆಟ್ಟಿಲು, ಉಪ್ಪಲಿ ಬುರುಜಿನ ಮೆಟ್ಟಿಲು ಹತ್ತುವ ಆಸೆಯನ್ನು ಇನ್ನೂ ಕೆಲವು ತಿಂಗಳು ಮುಂದಕ್ಕೆ ಹಾಕಿ. ಮೊದಲ ದಿನ ಓಣಿಯ ತುದಿಯ ತನಕ ಹೋಗಿ ಬಂದರೆ ಸಾಕು. ಮರುದಿನ ಮುಂಜಾನೆ ಹಿಮ್ಮಡಿ ಬಾತಿಲ್ಲದಿದ್ದರೆ ಇನ್ನೊಂದು ತಿರುವು ಸೇರಿಸಿ. ಬಾತಿದ್ದರೆ ಅವತ್ತು ನಡಿಗೆ ಬೇಡ, ಕೌದಿಯ ಮೇಲೆ ಕಾಲಿಟ್ಟು ಮಲಗಿ, ನಾಯಿಯನ್ನು ಇನ್ನೊಬ್ಬರೊಡನೆ ಕಳಿಸಿ. ಬಾವು ಎರಡು ದಿನದಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.